ಒಂದೇ ಕೈಗೆ ಒಗ್ಗುವ ಬಿಲ್ಲು

ಅಂಗಡಿಯ ಬೇಟೆ ಸಾಮಾನಿನ ಕಡೆ ನಿಂತು ನನ್ನ ಎಡಗೈಯನ್ನು ದುಪಟ್ಟಾದಿಂದ ಮೈಗೆ ಬಿಗಿದು ಕಟ್ಟಿಕೊಂಡಾಗ, ಪಕ್ಕದಲ್ಲಿ ಮೀನಿನ ಗಾಳ ನೋಡುತ್ತಿದ್ದ ಗಂಡಸೊಬ್ಬ ತನ್ನ ಗಾಡಿಯನ್ನು ಮೆಲ್ಲಗೆ ಬೇರೆ ಸಾಲಿಗೆ ತಿರುಗಿಸಿಕೊಂಡು ಹೋದ. ಹೋಗಲಿ. ಅವತ್ತು ನನಗೆ ಮರ್ಯಾದೆ ನೋಡಿಕೊಳ್ಳುವ ಪುರುಸೊತ್ತಿರಲಿಲ್ಲ. ಎಡಗೈ ಕೆಲಸಕ್ಕೆ ಬಾರದ ಮನುಷ್ಯನೊಬ್ಬ ಬಂದೂಕಿನಂತೆ ಹಿಡಿದು ಬಾಣ ಬಿಡುವ ಕ್ರಾಸ್‌ಬೋ ಎಂಬ ಬಿಲ್ಲಿನ ಹೆದೆಯನ್ನು ತಾನೇ ಎಳೆಯಬಲ್ಲನೇ ಎಂಬುದು ನನಗೆ ಗೊತ್ತಾಗಬೇಕಿತ್ತು. ಆ ಮನುಷ್ಯ ನನ್ನ ಗಂಡ. ಅಂಗಡಿಗೆ ಬರಲು ಇವರು ಒಪ್ಪಿರಲಿಲ್ಲ. ಕಾರಿನವರೆಗೂ ಬಂದಿರಲಿಲ್ಲ.

ಫೆಬ್ರವರಿಯಲ್ಲಿ ಡ್ರೈವ್‌ವೇ ಮೇಲಿನ ಹಿಮ ಎತ್ತುವಾಗ ಇವರಿಗೆ ಸ್ಟ್ರೋಕ್ ಆಯಿತು. ಕಾಲು ಎರಡು ತಿಂಗಳಲ್ಲಿ ಒಂದು ಮಟ್ಟಕ್ಕೆ ಬಂತು, ಕೋಲು ಹಿಡಿದು ಓಡಾಡುವ ಹಾಗಾಯಿತು. ಎಡಗೈ ಮಾತ್ರ ಬರಲಿಲ್ಲ. ಮಾತಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು, ಆದರೂ ಇವರು ಮಾತಾಡುವುದನ್ನು ಬಿಟ್ಟರು. ಅಮೆರಿಕದ ಇಲಿನಾಯ್ ರಾಜ್ಯದ ಡೌನರ್ಸ್ ಗ್ರೋವ್‌ನಲ್ಲಿ ನಮ್ಮ ಮನೆಯ ಹಿಂದಿನ ಕಿಟಕಿಗೆ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೆ ಎಬ್ಬಿಸುವವರೆಗೂ ಅಲ್ಲೇ. ವಿಜಯಪುರದ ಕಡೆಯ ಗಂಡಸು, ಮೊದಲೆಲ್ಲ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಆ ಗದ್ದಲಕ್ಕೆ ನಾನು ಎಷ್ಟು ಸಲ ರೇಗಿದ್ದೇನೋ. ಈಗ ಫ್ರಿಜ್ ಗುಂಯ್‌ಗುಡುವುದು ಕೇಳುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ದಿನ ತಾವಾಗಿಯೇ ಎದ್ದು ಗ್ಯಾರೇಜಿಗೆ ಹೋದರು. ನನಗೆ ಖುಷಿಯಾಯಿತು, ಹಿಂದೆಯೇ ಹೋದೆ. ಗೋಡೆಗೆ ತೂಗುಹಾಕಿದ್ದ ತಮ್ಮ ಬೇಟೆಯ ಬಿಲ್ಲನ್ನು ತೋರಿಸಿ, "ಇದನ್ನ ಯಾರಿಗರ ಕೊಟ್ಟಬಿಡು. ನನಗಿನ್ನ ಯಾವುದೂ ಬ್ಯಾಡ" ಅಂದರು. ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡಲು ಶುರು ಮಾಡಿದರೆ ತಕ್ಷಣ ಫೋನ್ ಮಾಡಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮಾಡಿದೆ. ಮಾತ್ರೆ ಬದಲಾಯಿತು, ವಾರಕ್ಕೊಮ್ಮೆ ಕೌನ್ಸೆಲಿಂಗ್ ಶುರುವಾಯಿತು. ನಾನು ಅಡುಗೆಮನೆಯ ಚಾಕುಗಳನ್ನು ಆಫೀಸ್ ಬ್ಯಾಗಿನಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದೆ. ಮಧ್ಯಾಹ್ನ ಮೀಟಿಂಗಿನ ನಡುವೆ ಎದ್ದು ಬಂದು ಮನೆಗೆ ಫೋನ್ ಹಚ್ಚುತ್ತಿದ್ದೆ. ಎತ್ತಿದರೆ ಬದುಕಿದೆ ಅನ್ನಿಸುತ್ತಿತ್ತು.

ಅರೋರಾದ ಬಾಲಾಜಿ ಗುಡಿಯಲ್ಲಿ ಸಿಕ್ಕ ಅಂಕಲ್ ಆಂಟಿಯರೆಲ್ಲ ಒಂದೊಂದು ಉಪಾಯ ಹೇಳಿದರು. ಒಬ್ಬರು ಪ್ರಾಣಾಯಾಮ ಅಂದರು, ಒಬ್ಬರು ಎಳ್ಳೆಣ್ಣೆ ಮಸಾಜು ಅಂದರು, ಇನ್ನೊಬ್ಬರು ನನ್ನ ಮುಖ ನೋಡಿ ಸುಮ್ಮನೆ ಮೊಸರನ್ನದ ಡಬ್ಬಿ ಕೈಗಿಟ್ಟರು. ಆ ಕೊನೆಯವರನ್ನು ನಾನು ಮರೆಯುವುದಿಲ್ಲ. ಉಳಿದವರ ಉಪಾಯಗಳನ್ನು ಮಾಡಿಯೂ ನೋಡಿದೆ, ಯಾವುದರಿಂದಲೂ ಏನೂ ಆಗಲಿಲ್ಲ.

ಆಗಸ್ಟಿನಲ್ಲಿ ಇವರ ಹಳೆಯ ಗೆಳೆಯ ಫೋನ್ ಮಾಡಿದ. ನಾವು ಮೊದಲು ಡೆಟ್ರಾಯ್ಟ್ ಕಡೆ ನೋವೈಯಲ್ಲಿ ಒಂಬತ್ತು ವರ್ಷ ಇದ್ದೆವು. ಆಗ ಆಫೀಸಿನಲ್ಲಿ ಇವರ ಪಕ್ಕದಲ್ಲೇ ಕೂರುತ್ತಿದ್ದ ಅಮೆರಿಕನ್ ಮುದುಕ. ಬೇಟೆ ಕಲಿಸಿದವನು ಇವನೇ. ನಾನು ಮೊಟ್ಟೆಯನ್ನೂ ಮುಟ್ಟದವಳು, ಆ ಕಾಲದಲ್ಲಿ ಇವನನ್ನು ಎಷ್ಟು ಶಪಿಸಿದ್ದೇನೋ ಲೆಕ್ಕವಿಲ್ಲ. ಜಿಂಕೆಯ ಮಾಂಸ ಗ್ಯಾರೇಜಿನ ಫ್ರೀಜರ್ ದಾಟಿ ಒಳಗೆ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೆ. ಈಗ ಆತ ರಿಟೈರ್ ಆಗಿ, ನಮ್ಮಿಂದ ಎರಡು ಗಂಟೆ ಪಶ್ಚಿಮಕ್ಕೆ ತನ್ನ ತಂದೆಯ ಜಮೀನಿನಲ್ಲಿದ್ದ. ಸ್ಪೀಕರಿನಲ್ಲಿ ಆತ ಒಂದೇ ಸಮನೆ ಮಾತಾಡಿದ. ಅಕ್ಟೋಬರಿನಲ್ಲಿ ಬಿಲ್ಲಿನ ಬೇಟೆ ಶುರುವಾಗುತ್ತದೆ, ಈಗ ಇಲಿನಾಯ್‌ನಲ್ಲಿ ಕ್ರಾಸ್‌ಬೋ ಎಲ್ಲರಿಗೂ ಕಾನೂನುಬದ್ಧ, ಅದನ್ನು ಸ್ಟ್ಯಾಂಡಿನ ಮೇಲಿಟ್ಟು ಒಂದು ಕೈಯಲ್ಲೂ ಹೊಡೆಯಬಹುದು, ತನ್ನ ಜೋಳದ ಹೊಲದ ಅಂಚಿಗೆ ದೊಡ್ಡದೊಂದು ಗಂಡು ಜಿಂಕೆ ಬರುತ್ತಿದೆ ಎಂದ. ಆ ಕೊನೆಯ ಮಾತಿಗೆ ಇವರು ತಲೆ ಎತ್ತಿದರು. ಅಷ್ಟೇ, ಮತ್ತೆ ಇಳಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಬೇಟೆಯ ಆಯುಧವನ್ನು ಇಂಥ ಮನೆಗೆ ತರುವುದೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಕೌನ್ಸೆಲರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಂದೂಕು ಬೇಡವೇ ಬೇಡ, ಕ್ರಾಸ್‌ಬೋ ತಂದರೆ ಬಾಣಗಳು ಬೀಗದಲ್ಲಿರಲಿ, ಗೆಳೆಯ ಎದುರಿಗಿದ್ದಾಗ ಮಾತ್ರ ಕೈಗೆ ಸಿಗಲಿ ಎಂದರು. ಬಾಣಗಳು ನನ್ನ ಕಾರಿನ ಡಿಕ್ಕಿಯಲ್ಲಿರುತ್ತವೆ, ಕೀಲಿಕೈ ನನ್ನ ಕೊರಳಲ್ಲಿರುತ್ತದೆ ಎಂದೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ರಾಜ್ಯದ ಬೇಟೆ ನಿಯಮಗಳನ್ನು ಪ್ರಿಂಟ್ ತೆಗೆದು ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಹೆದೆಯ ಬಿಗಿ ನೂರ ಇಪ್ಪತ್ತೈದು ಪೌಂಡಿಗೆ ಕಡಿಮೆ ಇರಬಾರದು, ಬಿಲ್ಲಿನ ಉದ್ದ ಇಪ್ಪತ್ನಾಲ್ಕು ಇಂಚಿಗೆ ಕಡಿಮೆ ಇರಬಾರದು, ಬಾಣ ಹದಿನಾಲ್ಕು ಇಂಚು, ಬಾಣ ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಬಟನ್ ಕೆಲಸ ಮಾಡಬೇಕು. ಇಷ್ಟು ಓದಿಯೂ ಮೊದಲ ಸಲವೇ ಎಡವಿದೆ. ಒಂದೇ ಕೈಯಲ್ಲಿ ಹಿಡಿಯುವ ಪುಟ್ಟ ಪಿಸ್ತೂಲಿನಂಥ ಕ್ರಾಸ್‌ಬೋ ಒಂದನ್ನು ಆರ್ಡರ್ ಮಾಡಿದೆ. ಹಗುರವಾಗಿದೆ, ಇವರಿಗೆ ಹೇಳಿಮಾಡಿಸಿದ ಹಾಗಿದೆ ಎಂದು ಹಿಗ್ಗಿದೆ. ಡಬ್ಬಿ ಬಿಚ್ಚಿ ಓದಿದರೆ ಎಂಬತ್ತು ಪೌಂಡು. ಅದರಿಂದ ಜಿಂಕೆ ಹೊಡೆಯುವುದು ಕಾನೂನಿಗೂ ವಿರುದ್ಧ, ಜಿಂಕೆಗೂ ಹಿಂಸೆ. ವಾಪಸ್ ಕಳಿಸಿದೆ.

ಹಾಗೆ ಅಂಗಡಿಗೆ ಹೋದದ್ದು. ಕೌಂಟರಿನ ಹೆಂಗಸು ನನಗಿಂತ ದೊಡ್ಡವಳು, ಕನ್ನಡಕ ಮೂಗಿನ ತುದಿಯಲ್ಲಿ. ಏನು ಬೇಟೆಯಾಡುತ್ತೀರಿ ಎಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬಾಯಿಮಾತಿನ ಸಮಾಧಾನ ಹೇಳಲಿಲ್ಲ. ಒಂದಾದ ಮೇಲೊಂದು ಕ್ರಾಸ್‌ಬೋ ತೆಗೆದು ಮುಂದಿಟ್ಟಳು. ಹಗ್ಗದಿಂದ ಹೆದೆ ಎಳೆಯುವವಕ್ಕೆ ಎರಡೂ ತೋಳು ಬೇಕು, ಅವು ಆಗಲಿಲ್ಲ. ಕೆಲವಕ್ಕೆ ಹಿಂಬದಿಯಲ್ಲಿ ಬಾವಿಯ ರಾಟೆಯ ಹಾಗೆ ತಿರುಗಿಸುವ ಹಿಡಿಕೆ ಇರುತ್ತದೆ. ನಾನು ದುಪಟ್ಟಾ ಕಟ್ಟಿಕೊಂಡು, ಬಿಲ್ಲಿನ ಮುಂತುದಿಯ ಕಬ್ಬಿಣದ ಬಳೆಯಲ್ಲಿ ಕಾಲಿಟ್ಟು ನೆಲಕ್ಕೆ ಒತ್ತಿ ಹಿಡಿದು, ಬಲಗೈಯಿಂದ ತಿರುಗಿಸಿದೆ. ನಾಲ್ಕನೆಯದರಲ್ಲಿ ಹೆದೆ ಕಟ್ ಎಂದು ಕೊಕ್ಕೆಗೆ ಕೂತಿತು. ಅಷ್ಟು ಜನರ ನಡುವೆ ನನಗೆ ಅಳು ಬಂತು. ಅವಳು ಅದನ್ನು ಕಾಣದವಳ ಹಾಗೆ ಬಿಲ್ ಬರೆದಳು.

ಮನೆಗೆ ತಂದು ಇವರ ಮುಂದಿಟ್ಟೆ. ಪೌಂಡು, ಇಂಚು, ಹಿಡಿಕೆ, ಸ್ಟ್ಯಾಂಡು ಎಂದು ಒಂದೇ ಉಸಿರಿಗೆ ವರದಿ ಒಪ್ಪಿಸಿದೆ. ಇವರು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಬೇಡ ಎಂದೂ ಹೇಳಲಿಲ್ಲ. ಅವತ್ತು ಬಚ್ಚಲುಮನೆಯ ನಲ್ಲಿ ಬಿಟ್ಟುಕೊಂಡು ಅತ್ತೆ. ಇವರ ಮೇಲೆ ಸಿಟ್ಟೂ ಬಂತು. ಸ್ಟ್ರೋಕ್ ಆಗಿದ್ದು ಒಬ್ಬರಿಗೆ, ಮನೆಯಲ್ಲಿ ಸಾಯುತ್ತಿದ್ದುದು ಇಬ್ಬರು. ಆದರೂ ಲೈಸೆನ್ಸ್, ಜಿಂಕೆಯ ಪರ್ಮಿಟ್ ಎರಡಕ್ಕೂ ನಾನೇ ಅಪ್ಲೈ ಮಾಡಿದೆ. ಗೆಳೆಯನಿಗೆ ಫೋನ್ ಮಾಡಿ ವಿಜಯದಶಮಿಯ ಶನಿವಾರ ಬರುತ್ತೇವೆ ಎಂದೆ.

ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಪ್ರತಿವರ್ಷ ಕಾರು, ಲ್ಯಾಪ್‌ಟಾಪು, ಮಿಕ್ಸರು, ಚಾಕು ಎಲ್ಲಕ್ಕೂ ಪೂಜೆ. ಆ ವರ್ಷ ಇವರ ಕೈಗೋಲಿಗೂ ಕುಂಕುಮ ಹಚ್ಚಿದೆ. ಕ್ರಾಸ್‌ಬೋವನ್ನು ನಡುವೆ ಇಟ್ಟೆ. ಹೆದೆ ಸಡಿಲವಾಗಿ ಮುಂದೆ ನಿಂತಿದ್ದ ಬಿಲ್ಲು ನನಗೆ ಯಾಕೋ ಬಿಕೋ ಅನ್ನಿಸಿತು. ದೇವರ ಮುಂದೆ ಬಿಲ್ಲನ್ನು ಹೆದೆ ಏರಿಸದೆ ಇಡುವುದೇ? ಹಿಡಿಕೆ ತಿರುಗಿಸಿ ಏರಿಸಿದೆ. ಗಂಧ ಹಚ್ಚಿದೆ, ಅರಿಶಿನ ಕಲಸಿದ ಅಕ್ಷತೆಯನ್ನು ಬೊಗಸೆ ತುಂಬ ಹಾಕಿದೆ, ಇವರನ್ನು ಮೊದಲಿನಂತೆ ಮಾಡು ಎಂದು ಬೇಡಿಕೊಂಡೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ಆರತಿ ಮಾಡಿ, ಎತ್ತಿ ಹಾಗೆಯೇ ಚೀಲಕ್ಕೆ ಇಳಿಸಿ, ಇವರನ್ನು ಹೊರಡಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಇವರು ಒಂದು ಮಾತೂ ಆಡಲಿಲ್ಲ.

ಗೆಳೆಯ ತನ್ನ ಕೊಟ್ಟಿಗೆಯ ಮುಂದೆ ಕಾಫಿ ಹಿಡಿದು ಕಾಯುತ್ತಿದ್ದ. ಮಧ್ಯಾಹ್ನ ಹೊಲದ ಅಂಚಿನ ಟೆಂಟಿನಲ್ಲಿ ಜಿಂಕೆಗೆ ಹೊಂಚು ಹಾಕಿ ಕೂರುವುದೆಂದು ಮಾತಾಗಿತ್ತು. ಉತ್ಸಾಹದಿಂದ ಚೀಲದ ಜಿಪ್ ಎಳೆದವನು ಒಳಗೆ ನೋಡಿ ಹಾಗೇ ನಿಂತ. ಯಾರೂ ಮುಂದೆ ನಿಲ್ಲಬೇಡಿ ಎಂದು ಸಣ್ಣ ದನಿಯಲ್ಲಿ ಹೇಳಿ, ಅದನ್ನು ಮೆಲ್ಲಗೆ ಎತ್ತಿ ಹುಲ್ಲಿನ ಪಿಂಡಿಯ ಮೇಲಿಟ್ಟ. ಇಡೀ ದಿನ ಇಡೀ ರಾತ್ರಿ ಅಷ್ಟು ಬಿಗಿಯಲ್ಲಿದ್ದ ಹೆದೆ ಯಾವ ಗಳಿಗೆಯಲ್ಲಾದರೂ ಕಿತ್ತು ಹೋಗಬಹುದಿತ್ತಂತೆ. ಏರಿಸಿದ ಬಿಲ್ಲನ್ನು ಗಾಡಿಯಲ್ಲಿ ತರಬಾರದೆಂಬ ನಿಯಮವೂ ಇದೆ. ಅದನ್ನೂ ನಾನು ಓದಿದ್ದೆ, ಹಳದಿ ಪೆನ್ನಿನಲ್ಲಿ ಗೆರೆಯನ್ನೂ ಎಳೆದಿದ್ದೆ. ಪೂಜೆಯ ಹೊತ್ತಿಗೆ ಅದು ಆಯುಧ ಎಂಬುದೇ ನನಗೆ ಮರೆತುಹೋಗಿತ್ತು. ಈಗ ಬಾಣ ಹಾಕಿ ಮಣ್ಣಿನ ದಿಬ್ಬಕ್ಕೆ ಹೊಡೆದೇ ಅದನ್ನು ಇಳಿಸಬೇಕಿತ್ತು. ಆದರೆ ಸೇಫ್ಟಿ ಬಟನ್ ಸರಿಯಲಿಲ್ಲ. ಗಂಧ ಒಣಗಿ ಅಂಟಾಗಿ, ಅದರ ಸಂದಿಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಗೆಳೆಯ ನನ್ನನ್ನು ನೋಡಿದ. ಅದು ಅಕ್ಷತೆ ಎಂದು ಅವನಿಗೆ ಯಾವ ಇಂಗ್ಲಿಷಿನಲ್ಲಿ ಹೇಳಲಿ? ಎಂಟು ತಿಂಗಳ ಪಾಡು ಅಲ್ಲಿಗೆ ಬಂದು ನಿಂತಿತ್ತು. ನಾನು ಹುಲ್ಲಿನ ಮೇಲೆ ಕುಸಿದು ಕೂತೆ. ಇನ್ನು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಆಗ ಹಿಂದಿನಿಂದ ದನಿ ಬಂತು.

"ನಿನಗ ತಲಿ ಐತೇನ? ಏರಿಸಿದ ಬಿಲ್ಲ ಬೆನ್ನ ಹಿಂದ ಇಟ್ಕೊಂಡು ಎರಡ ತಾಸ ಗಾಡಿ ಹೊಡ್ಕೊಂಡ ಬಂದೀಯಲ್ಲ. ಅದು ಕಿತ್ತ ನಿನಗ ಬಡದಿದ್ರ ನಾ ಏನ್ ಮಾಡ್ಬೇಕಾಗಿತ್ತು?"

ಇವರು ಕಾರಿನಿಂದ ತಾವೇ ಇಳಿದು ಬಂದಿದ್ದರು. ಮುಖ ಕೆಂಪಾಗಿತ್ತು. ಬೈಗುಳ ನಿಲ್ಲಲಿಲ್ಲ. ನನ್ನ ಬುದ್ಧಿಗೆ, ನನ್ನ ಓದಿಗೆ, ನನ್ನ ತವರಿನವರಿಗೆ, ಎಲ್ಲದಕ್ಕೂ ಒಂದು ಸುತ್ತು ಬಂತು. ಹೊಲದ ಆಚೆ ಹಕ್ಕಿಗಳು ಹಾರಿದವು. ಇನ್ನು ಸುತ್ತ ಒಂದು ಮೈಲಿಯಲ್ಲಿ ಜಿಂಕೆಯ ಸುಳಿವೂ ಇರಲು ಸಾಧ್ಯವಿರಲಿಲ್ಲ. ನಾನು ಕೂತಲ್ಲೇ ಕೂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ. ಮದುವೆಯಾದಾಗಿನಿಂದ ಇವರ ಒಂದು ಬೈಗುಳಕ್ಕೂ ಎದುರಾಡದೆ ಬಿಟ್ಟವಳಲ್ಲ ನಾನು. ಅವತ್ತು ಆ ಬೈಗುಳ ಎಲ್ಲಿ ಮುಗಿದುಬಿಡುತ್ತದೋ ಎಂದು ಹೆದರಿಕೆಯಾಗುತ್ತಿತ್ತು.

ಸುಸ್ತಾದ ಮೇಲೆ ಇವರು ಪಿಂಡಿಯ ಪಕ್ಕ ಕೂತು, ಪಿನ್ನು ಕೊಡು ಎಂದು ಕೈ ಚಾಚಿದರು. ನನ್ನ ಕೈಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಬಿಚ್ಚಿ ಕೊಟ್ಟೆ. ಹಿಂಬದಿಯನ್ನು ಒತ್ತಿ ಹಿಡಿ, ಬೆರಳು ಹೆದೆಯ ದಾರಿಗೆ ತರಬೇಡ ಎಂದರು. ಬಲಗೈಯಲ್ಲಿ ಒಂದೊಂದೇ ಕಾಳು ಕೆದಕಿ ತೆಗೆದರು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಬಟನ್ ಸರಿಯಿತು. ನಾನು ಡಿಕ್ಕಿಯ ಬೀಗ ತೆಗೆದು ಒಂದು ಬಾಣ ತಂದು ಗೆಳೆಯನ ಕೈಗೆ ಕೊಟ್ಟೆ. ಆತ ಅದನ್ನಿಟ್ಟ, ಇವರು ಕೆನ್ನೆ ಒರಗಿಸಿ ಗುರಿ ನೋಡಿ ಒತ್ತಿದರು. ಬಾಣ ಮಣ್ಣಿನೊಳಗೆ ಹೋಯಿತು. ಹೆದೆ ಒಂದು ಕಡೆ ಎಳೆ ಬಿಟ್ಟುಕೊಂಡಿತ್ತು. ಅವತ್ತಿನ ಬೇಟೆ ಅಲ್ಲಿಗೆ ಮುಗಿಯಿತು.

ಎಲ್ಲಾ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ವಾಪಸ್ ಬರುವಾಗ ಇವರು ಮತ್ತೆ ಸುಮ್ಮನಾದರು, ತಲೆ ಕಿಟಕಿಗೆ ಒರಗಿತ್ತು. ಒಂದು ಗಂಟೆಯ ದಾರಿ ಹಾಗೆಯೇ ಕಳೆಯಿತು. ಬೈಗುಳವೂ ಒಂದು ದಿನದ ಮಾತು, ನಾಳೆ ಮತ್ತೆ ಅದೇ ಕುರ್ಚಿ ಎಂದುಕೊಂಡು ನಾನು ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದೆ.

"ಆ ಬಿಲ್ಲ ನನಗ ಹೊಂದೂದಿಲ್ಲ" ಅಂದರು ಇವರು. "ಮುಂದಿನ ಕಡೆ ಭಾಳ ಭಾರ ಐತಿ. ಬರೂ ಶನಿವಾರ ಹೋಗಿ ಬ್ಯಾರೇದ ನೋಡೂಣು. ನಾನೂ ಬರ್ತೀನಿ."

ಬರುವ ಶನಿವಾರ. ಎಂಟು ತಿಂಗಳಿಂದ ಇವರ ಬಾಯಲ್ಲಿ ನಾಳೆ ಎಂಬ ಮಾತೂ ಬಂದಿರಲಿಲ್ಲ. ನಾನು ರಸ್ತೆಯ ಮೇಲೆಯೇ ಕಣ್ಣಿಟ್ಟು ಗಾಡಿ ಓಡಿಸಿದೆ, ಮಾತಾಡಿದರೆ ಕೆಟ್ಟೀತು ಅನ್ನಿಸಿತು.

"ಅಂಗಡಿ ಎಷ್ಟಕ್ಕ ತೆರೀತಾರ?"

ಹತ್ತು ಗಂಟೆಗೆ ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ಮಂಜಾಗಿ ರಸ್ತೆ ಕಾಣದಾಯಿತು, ಹೆದ್ದಾರಿಯಿಂದ ಇಳಿಯಬೇಕಿದ್ದ ನಮ್ಮ ಎಕ್ಸಿಟ್ ದಾಟಿಹೋಯಿತು. ಇವರು ಅದಕ್ಕೂ ಬೈದರು.