ಮೂರನೆಯ ಕೊಡ

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನಾನು ಚಾಮರಾಜನಗರದಲ್ಲಿ ನೀರು ಬಿಡುವ ಕೆಲಸದಲ್ಲಿದ್ದೆ. ಒಂದು ಬೀದಿಗೆ ಸೆಲ್ವಿ, ಮೀನಾ ಅಂತ ಇಬ್ಬರು ಬಾಡಿಗೆಗೆ ಬಂದರು. ಗಂಡಾಗಿ ಹುಟ್ಟಿ ಸೀರೆ ಉಟ್ಟವರು. ಗಡಿಯಾಚೆಯ ಹಳ್ಳಿಯಲ್ಲಿ ಮನೆಯವರೇ ಹೊಡೆದು ಓಡಿಸಿದ್ದರಂತೆ.

ಸೆಲ್ವಿ ಕೊಡ ಹಿಡಿದು ಬಂದರೆ ನಲ್ಲಿ ಮುಂದಿನ ಹೆಂಗಸರೆಲ್ಲ ಸರಿದು ನಿಂತು, ಮೊದಲು ನೀನೇ ಹಿಡ್ಕೊ ಅನ್ನುತ್ತಿದ್ದರು. ಇಂಥವರ ಶಾಪ ತಟ್ಟುತ್ತದೆ ಅನ್ನುವ ಭಯ. ಅವಳು ಮುಖ ಸಣ್ಣ ಮಾಡಿಕೊಂಡು ಹೋಗುವಳು.

"ಕಾಯೋ ಹಂಗೇ ಇಲ್ಲ, ಇನ್ನೇನು ಬೇಜಾರು ನಿಂಗೆ?" ಅಂತ ಒಂದಿನ ಕೇಳಿಯೇಬಿಟ್ಟೆ.

"ಸಾಲಲ್ಲಿ ನಿಂತ್ರೆ ತಾನೆ ಅಣ್ಣ, ಯಾರಾದ್ರೂ ಮಾತಾಡ್ಸೋದು? ಈ ಊರ್ನೂ ಬುಟ್ಬುಡನ ಅಂತಾವ್ಳೆ ಮೀನಾ."

ಬೇಸಿಗೆಯಲ್ಲಿ ನಲ್ಲಿ ಸಣ್ಣಗಾಯಿತು. ಮನೆಗೆ ಎರಡೇ ಕೊಡ ಅಂತ ಬೀದಿಯವರೇ ಗೊತ್ತು ಮಾಡಿಕೊಂಡರು. ಒಂದು ಬೆಳಿಗ್ಗೆ ಸೆಲ್ವಿ ಮೂರನೆಯದನ್ನೂ ಇಟ್ಟಳು. ಹೆಂಗಸರು ಎಂದಿನಂತೆ ಸರಿದು ನಿಂತರು. ಬೀಡಿ ಕಟ್ಟುವ ನೂರ್‌ಜಾನಮ್ಮ ಮಾತ್ರ ಬಂದು ಆ ಕೊಡ ಎತ್ತಿ ಪಕ್ಕಕ್ಕಿಟ್ಟಳು.

"ಎಲ್ರಿಗೂ ಎರಡು ಅಂದ್ರೆ ನಿಂಗೂ ಎರಡೇ ಕಣಮ್ಮಿ. ಶಾಪ ಹಾಕ್ತೀಯಾ? ಹಾಕು. ನೀರು ಮಿಕ್ಕುದ್ರೆ ಕೊನೇಲಿ ಹಿಡ್ಕೊ."

ಸೆಲ್ವಿ ಖಾಲಿ ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ.

ಮುಂದಿನ ಸಲ ನಾನು ನೀರು ಬಿಡಲು ಅರ್ಧ ಗಂಟೆ ತಡವಾಗಿ ಹೋದೆ. ಬೀದಿಯವರು ನನಗೆ ಬೈಯುವುದು ಹೊಸದಲ್ಲ. ಅವತ್ತು ಶುರು ಮಾಡಿದವಳು ಸೆಲ್ವಿ. ನೂರ್‌ಜಾನಮ್ಮ ಪಕ್ಕದಲ್ಲಿ ನಿಂತು ಮಾತು ಜೋಡಿಸುತ್ತಿದ್ದಳು. ಇಡೀ ಬೀದಿ ಹೆದರಿಕೊಂಡಿದ್ದ ಆ ಶಾಪ ಕೊನೆಗೆ ಬಿದ್ದದ್ದು ನನ್ನ ತಲೆಯ ಮೇಲೆ.