ಹಾಸಿಗೆ ಕಟ್ಟಿಕೊಂಡು ವಿಚಾರಣೆಗೆ ಬಂದ ಒಂಬತ್ತು ಮಂದಿ

ಕೊರೊನಾ ಗದ್ದಲ ಮುಗಿದ ಮರುವರ್ಷ ನಾನು ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ನನ್ನ ಊರು ಬಾದಾಮಿ. ಇದೇ ಜಿಲ್ಲೆಯ ನೀರು ಕುಡಿದು ಬೆಳೆದವನು, ಇಲ್ಲಿನ ಜನರ ಗುಣ ನನಗೆ ಗೊತ್ತು ಎಂಬ ಜಂಬ ಚೆನ್ನಾಗಿಯೇ ಇತ್ತು. ತಾಲ್ಲೂಕಿನ ಹೆಸರಾಗಲಿ ಠಾಣೆಯ ಹೆಸರಾಗಲಿ ಬರೆಯುವುದಿಲ್ಲ. ಅಲ್ಲಿ ಈಗ ಬೇರೆಯವರು ಕೆಲಸ ಮಾಡುತ್ತಿದ್ದಾರೆ, ಅವರಿಗೇಕೆ ಕೆಟ್ಟ ಹೆಸರು.

ತಹಶೀಲ್ದಾರ ಎಂದರೆ ಹೊಲದ ಉತಾರ, ಜಾತಿ ಸರ್ಟಿಫಿಕೇಟು ಕೊಡುವವನು ಎಂದಷ್ಟೇ ಜನ ತಿಳಿದಿರುತ್ತಾರೆ. ಅವನು ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಕೂಡ ಹೌದು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನೂರಾ ಏಳು ಎಂಬ ಕಲಮು ಇತ್ತು. ಇಂಥವರಿಂದ ಊರಿನ ಶಾಂತಿ ಕೆಡಬಹುದು ಎಂದು ಪೊಲೀಸರು ವರದಿ ಕೊಟ್ಟರೆ, ಅವರನ್ನು ಕರೆಸಿ, ಒಂದು ವರ್ಷದ ಮಟ್ಟಿಗೆ ಗದ್ದಲ ಮಾಡುವುದಿಲ್ಲ ಎಂದು ಬಾಂಡ್ ಬರೆಸಿಕೊಳ್ಳಬಹುದಿತ್ತು. ತುರ್ತು ಎನಿಸಿದರೆ ವಿಚಾರಣೆ ಮುಗಿಯುವ ಮೊದಲೇ ಮಧ್ಯಂತರ ಬಾಂಡ್ ಕೇಳಿ, ಕೊಡದವರನ್ನು ಜೈಲಿಗೆ ಕಳಿಸಬಹುದಿತ್ತು. ಚುನಾವಣೆಗೆ, ಉರುಸಿಗೆ, ಹೊಲದ ಬದುವಿನ ಜಗಳಕ್ಕೆ, ಎಲ್ಲಕ್ಕೂ ಈ ಕಲಮು ಬರುತ್ತಿತ್ತು. ಬರಬರುತ್ತ ಅದು ನನಗೆ ಠಸ್ಸೆ ಒತ್ತುವಷ್ಟೇ ಸಲೀಸಾದ ಕೆಲಸವಾಗಿತ್ತು, ಸುಳ್ಳೇಕೆ ಹೇಳಲಿ.

ಆ ಸಲದ ಫೈಲಿನಲ್ಲಿ ಒಂಬತ್ತು ಹೆಣ್ಣುಮಕ್ಕಳ ಹೆಸರಿದ್ದವು. ಕೆಲವರು ಇಳಕಲ್ ಸೀರೆ ನೇಯುವ ಮನೆಗಳಲ್ಲಿ ನೂಲು ಸುತ್ತುವವರು, ಇಬ್ಬರು ಅಮೀನಗಡದಲ್ಲಿ ಕರದಂಟಿನ ಡಬ್ಬಿ ತುಂಬುವವರು, ಉಳಿದವರು ಹೊಲಕ್ಕೆ ಹೋಗುವವರು. ಎಲ್ಲ ಸೇರಿ ಒಂದು ಮಹಿಳಾ ಸಂಘ ಕಟ್ಟಿಕೊಂಡಿದ್ದರು. ಠಾಣೆಯ ಮುಂದೆ ರಸ್ತೆ ತಡೆದರು, ಸಂಗಪ್ಪ ಎಂಬುವನ ಕೈಕಾಲು ಮುರಿಯಿರಿ ಎಂದು ಕೂಗಿದರು, ತಾನು ಮೊದಲು ಕೂಗಿ ಉಳಿದವರಿಂದ ಕೂಗಿಸಿದವಳು ಸಂಘದ ಹಿರಿಯಳಾದ ಗೌರವ್ವ ಎಂದು ವರದಿ ಹೇಳುತ್ತಿತ್ತು. ಓದಿ ನನಗೆ ಸಿಟ್ಟೇ ಬಂತು. ಕೂಡಲೇ ಮಧ್ಯಂತರ ಬಾಂಡ್ ಕೊಡಬೇಕೆಂದು ನೋಟಿಸು ಹೊರಡಿಸಿದೆ.

ವಿಚಾರಣೆಯ ದಿನ ಬೆಳಿಗ್ಗೆ ಒಂಬತ್ತೂ ಮಂದಿ ಬಂದರು. ಪ್ರತಿಯೊಬ್ಬರ ಬಗಲಲ್ಲಿ ಒಂದೊಂದು ಗಂಟು. ಅರವತ್ತು ದಾಟಿದ ಗೌರವ್ವ ಮುಂದೆ ನಿಂತಳು. ಗಿಡ್ಡನೆಯ ಆಳು, ಹಣೆತುಂಬ ವಿಭೂತಿ, ಕೆಂಪು ಸೆರಗಿನ ಹಳೆಯ ಇಳಕಲ್ ಸೀರೆ. ಮಾತಿಗೆ ಅವಸರವಿಲ್ಲ.

"ಸಹಿ ಮಾಡಿ ಮನಿಗೆ ಹೋಗ್ರವ್ವ. ನನಗೂ ಬ್ಯಾರೆ ಕೆಲಸ ಅದಾವು" ಎಂದೆ.

"ಸಹಿ ಮಾಡಂಗಿಲ್ರಿ ಸಾಹೇಬ್ರ. ಇನ್ನ ಮ್ಯಾಲೆ ಗದ್ದಲ ಮಾಡಂಗಿಲ್ಲ ಅಂತ ಬರಕೊಟ್ರ, ಇಲ್ಲೀತನಕ ಮಾಡೇವಿ ಅಂತ ಒಪ್ಪಿದಂಗ ಆತಲ್ರಿ. ನಾವು ಮಾಡಿಲ್ಲ."

"ಮಾಡದಿದ್ರ ಜೇಲಿಗೆ ಹೋಗಬೇಕಾಕೈತಿ, ಗೊತ್ತೈತೇನು?"

"ಗೊತ್ತೈತ್ರಿ. ಅದಕ್ಕ ಹಾಸಿಗಿ ಕಟ್ಕೊಂಡ ಬಂದೇವಿ."

ಗಂಟು ಬಿಚ್ಚಿ ತೋರಿಸಿದಳು. ಒಂದು ಕೌದಿ, ಒಂದು ಸೀರೆ, ಅರಿವೆಯಲ್ಲಿ ಸುತ್ತಿದ ಕಟಕು ರೊಟ್ಟಿ, ಶೇಂಗಾ ಹಿಂಡಿ. ಹಿಂದಿನವರೂ ತಮ್ಮ ತಮ್ಮ ಗಂಟನ್ನು ಕೆಳಗಿಟ್ಟರು. ಮೂವತ್ತು ವರ್ಷದ ನೌಕರಿಯಲ್ಲಿ ಜೈಲೆಂದರೆ ಕಾಲಿಗೆ ಬಿದ್ದವರನ್ನು ನೋಡಿದ್ದೆ, ಹಾರಾಡಿದವರನ್ನೂ ನೋಡಿದ್ದೆ. ಹೀಗೆ ಬುತ್ತಿ ಕಟ್ಟಿಕೊಂಡು ಬಂದವರನ್ನು ನೋಡಿರಲಿಲ್ಲ. ಬಾಂಡಿನ ಮಾತು ಬದಿಗಿಟ್ಟು, ಮೊದಲು ನಿಮ್ಮ ಹೇಳಿಕೆಯನ್ನೇ ಬರೆದುಕೊಳ್ಳುತ್ತೇನೆ ಎಂದೆ.

ಆಗ ವಿಷಯ ತಿಳಿಯಿತು. ರೇಣುಕಾ ಎಂಬ ಇಪ್ಪತ್ತೆರಡರ ಹುಡುಗಿಯ ಕೈಯನ್ನು ಗಂಡ ಸಂಗಪ್ಪ ಮುರಿದಿದ್ದ. ಠಾಣೆಯವರು ದೂರು ಬರೆದುಕೊಳ್ಳದೆ, ರಾಜಿ ಮಾಡಿಕೊಳ್ಳಿ ಎಂದು ಎರಡು ಸಲ ಅವಳನ್ನು ಅದೇ ಮನೆಗೆ ಅಟ್ಟಿದ್ದರು. ಸಂಘದವರು ಠಾಣೆಯ ಎದುರಿನ ಬೇವಿನ ಗಿಡದ ಬುಡಕ್ಕೆ ಹೋಗಿ ಕುಳಿತರು. ಬೆಳಿಗ್ಗೆ ಹತ್ತಕ್ಕೆ ಕೂರುವುದು, ಸಂಜೆ ಐದಕ್ಕೆ ಏಳುವುದು. ಹತ್ತೊಂಬತ್ತು ದಿನ. ಅಷ್ಟರಲ್ಲಿ ಪೊಲೀಸರು ಒಬ್ಬೊಬ್ಬರನ್ನೇ ಒಳಗೆ ಕರೆದು ಅರ್ಧ ದಿನ ನಿಲ್ಲಿಸಿದರು, ಫೋಟೊ ತೆಗೆದರು, ಮಕ್ಕಳ ಬೈಕು ಹಿಡಿದರು, ಇವರಿಗೆ ನೂಲು ಕೊಡಬೇಡ ಎಂದು ಮಗ್ಗದ ಮಾಲೀಕನಿಗೆ ಹೇಳಿದರು. ಯಾವುದಕ್ಕೂ ಜಗ್ಗಲಿಲ್ಲ ಎಂದಾಗ ನೂರಾ ಏಳು ಹಾಕಿದರು.

"ನಿಮ್ಮ ಊರು ಯಾವುದು?" ಎಂದು ಗೌರವ್ವನನ್ನು ಕೇಳಿದೆ.

"ಹೊಳಿ ಕೂಡತಾವಲ್ರಿ, ಆ ಊರಿನ ಈಚಿ ಕಡಿ."

"ಕೂಡಲಸಂಗಮ ಅನ್ನಾಕ ಏನ ಧಾಡಿ?" ಎಂದು ರೇಗಿದೆ. ಅವಳು ನೆಲ ನೋಡಿದಳು.

"ನಿಮ್ಮ ಗಂಡನ ಹೆಸರು?"

ಪಕ್ಕದವಳ ಕಡೆ ತಿರುಗಿ, "ನೀ ಹೇಳಬೇ" ಎಂದಳು.

"ಸಂಗಪ್ಪ ಅಂತರಿ" ಎಂದಳು ಪಕ್ಕದವಳು.

ರೇಣುಕಾಳ ಗಂಡನದೂ ಅದೇ ಹೆಸರು. ನನ್ನ ಪೆನ್ನು ಅಲ್ಲಿಯೇ ನಿಂತಿತು. ನಮ್ಮ ಕಡೆ ಹಳೆಯ ಮಂದಿಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆ ಹೆಸರು ಬೇರೆಯವನಿಗಿದ್ದರೂ ಅಷ್ಟೇ, ಊರಿಗಿದ್ದರೂ ಅಷ್ಟೇ. ನನ್ನ ತಂದೆಯ ಹೆಸರು ಹನಮಂತಪ್ಪ. ನನ್ನವ್ವ ಸಾಯುವತನಕ ಹನಮಪ್ಪನ ಗುಡಿಗೆ 'ಬಾಲದ ದೇವರ ಗುಡಿ' ಎನ್ನುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಇದು ಬಾದಾಮಿಯವನಾದ ನನಗೆ ಫೈಲು ಓದುವಾಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ಅವಳ ಗಂಡನ ಹೆಸರಿದ್ದ ಸಾಲನ್ನು ನಾನು ಓದಿಯೇ ಇರಲಿಲ್ಲ.

ವರದಿಗೆ ಸಾಕ್ಷಿಯಾಗಿದ್ದ ಕಾನ್‌ಸ್ಟೇಬಲ್ ಅಲ್ಲಿಯೇ ಇದ್ದ. ಹೊರ ಜಿಲ್ಲೆಯವನು, ನೌಕರಿಗೆ ಹೊಸಬ. ಈ ಹೆಂಗಸು ಆ ಹೆಸರು ಹಿಡಿದು ಕೂಗಿದ್ದನ್ನು ನೀನೇ ಕೇಳಿದೆಯಾ ಎಂದೆ.

"ಹೌದು ಸರ್. ಮೂರು ಸಲ."

ಒಂಬತ್ತೂ ಹೆಣ್ಣುಮಕ್ಕಳು ಒಮ್ಮೆಲೇ ನಕ್ಕರು. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆ ವಯಸ್ಸಿನಲ್ಲೂ ಅವಳ ಮುಖ ಕೆಂಪಾಗಿತ್ತು. "ನಲವತ್ತ ವರ್ಷ ಆತರಿ ಲಗ್ನಾಗಿ. ಕನಸಿನ್ಯಾಗೂ ಆ ಹೆಸರು ತಗೊಂಡಿಲ್ಲ. ಆ ಹುಡುಗಿ ಗಂಡಗ ನಾವು 'ಆ ಮನಷ್ಯಾ' ಅಂತೇವ್ರಿ" ಎಂದಳು.

ನನಗೆ ಕೆಣಕುವ ಬುದ್ಧಿ. "ಹೆಣ್ಣುಮಕ್ಕಳ ಹಕ್ಕು ಅಂತ ಕುಂದರತೀರಿ, ಗಂಡನ ಹೆಸರು ಹೇಳಾಕ ಮಾತ್ರ ಆಗಂಗಿಲ್ಲೇನು?" ಎಂದೆ.

ಅವಳು ನೆಟ್ಟಗೆ ನನ್ನನ್ನು ನೋಡಿದಳು. "ಹೆಸರು ಹೇಳೋದು ಬಿಡೋದು ನನ್ನ ಖುಷಿರಿ ಸಾಹೇಬ್ರ. ಕೈ ಮುರಿಸ್ಕೊಳ್ಳೋದು ರೇಣುಕಾನ ಖುಷಿ ಅಲ್ಲರಿ."

ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತವನು ನಾನೊಬ್ಬನೇ. ನನಗಿಂತ ಎತ್ತರದಲ್ಲಿ ಇದ್ದವಳು ಅವಳು ಎಂದು ಖರೆಯಾಗಿಯೂ ಅನ್ನಿಸಿತು. ಅಷ್ಟು ವರ್ಷ ಕಾಯಿದೆ ಪುಸ್ತಕ ಓದಿ ನನಗೆ ತಿಳಿಯದ್ದನ್ನು ಆಕೆ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ಮತ್ತೆ ಕಾನ್‌ಸ್ಟೇಬಲ್ ಕಡೆ ತಿರುಗಿದೆ. ಗಂಡನ ಹೆಸರನ್ನೇ ಎತ್ತದವಳು ಅದನ್ನು ಮೂರು ಸಲ ಕೂಗಿದಳಾ ಎಂದೆ. ಈಗ ಅವನು ಸತ್ಯ ಹೇಳಿದ. ವರದಿಯನ್ನು ಠಾಣೆಯಲ್ಲಿ ಕೂತು ಬರೆದಿದ್ದರು, ಅವನು ಸಹಿ ಮಾಡಿದ್ದನಷ್ಟೆ. ಗೌರವ್ವ ಕೂಗಿದ್ದನ್ನು ಅವನಾಗಲಿ ಮತ್ತೊಬ್ಬರಾಗಲಿ ಕೇಳಿರಲಿಲ್ಲ. ಅವನ ಹೇಳಿಕೆಯನ್ನು ದಾಖಲಿಸಿ, ಒಂಬತ್ತು ಮಂದಿಯ ಮೇಲಿನ ಕ್ರಮವನ್ನು ಕೈಬಿಟ್ಟು ಆದೇಶ ಬರೆದೆ. ಒಂದು ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿದೆ.

"ಮುಗೀತ್ರವ್ವ. ಇನ್ನ ಮನಿಗೆ ಹೋಗ್ರಿ" ಎಂದೆ.

"ಎಲ್ಲಿ ಮುಗೀತ್ರಿ? ರೇಣುಕಾನ ಕೇಸು ಇನ್ನೂ ಬರಕೊಂಡಿಲ್ಲಲ್ರಿ" ಎಂದು ಗೌರವ್ವ ಗಂಟು ಎತ್ತಿಕೊಂಡಳು. ಒಂಬತ್ತೂ ಮಂದಿ ಬಸ್‌ಸ್ಟ್ಯಾಂಡಿನ ಕಡೆ ಹೋಗದೆ ಠಾಣೆಯ ದಾರಿ ಹಿಡಿದರು.

ನಾನು ಬಾಗಿಲವರೆಗೂ ಹೋದೆ. ಆ ಹುಡುಗಿಯ ತಾಯಿ ಯಾಕೆ ಬಂದಿಲ್ಲ, ಮಗಳ ಕೈ ಮುರಿದರೂ ಮನೆಯಲ್ಲೇ ಕೂತಿದ್ದಾಳಾ ಎಂದು ಕೇಳಿದೆ. ಗೌರವ್ವ ನಿಂತಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಆಕಿ ಹ್ವಾದ ವರ್ಷನ ಠಾಣೆ ಮುಂದ ಕುಂತಿದ್ಲರಿ. ಅಳಿಯ ಹೊಡಿಯಾಕತ್ಯಾನ ಅಂತ, ಒಬ್ಬಾಕಿನ. ಆಗ ನೀವ ಬಾಂಡ್ ಬರಸ್ಕೊಂಡ್ರಲ್ರಿ."

ನಾಲ್ಕನೆಯ ದಿನ ಠಾಣೆಯಲ್ಲಿ ರೇಣುಕಾಳ ದೂರು ದಾಖಲಾಯಿತು, ಗಂಡನ ಬಂಧನವೂ ಆಯಿತು. ಅಷ್ಟರಲ್ಲಿ ನಾನು ಹಳೆಯ ಫೈಲು ತರಿಸಿ ನೋಡಿದ್ದೆ. ಒಂದೇ ಹಾಳೆಯ ವರದಿ, ಅದೇ ಠಾಣೆಯದು. ತಾಯಿಯ ಹೆಬ್ಬೆಟ್ಟು, ಒಂದು ವರ್ಷದ ಬಾಂಡು, ಕೆಳಗೆ ನನ್ನ ಸಹಿ. ರೇಣುಕಾಳ ಕೈ ಮುರಿದದ್ದು ಆ ಬಾಂಡಿನ ಏಳನೆಯ ತಿಂಗಳಿನಲ್ಲಿ, ತಾಯಿ ಠಾಣೆಯ ಮುಂದೆ ಮತ್ತೆ ಕೂರುವಂತಿಲ್ಲದ ಹೊತ್ತಿನಲ್ಲಿ.

ಅಲ್ಲಿಂದ ಮುಂದೆ, ನಿವೃತ್ತಿಯ ದಿನದವರೆಗೂ, ನೂರಾ ಏಳರ ಫೈಲು ಬಂದರೆ ವರದಿಯನ್ನು ನಾನು ಮೊದಲು ತೆರೆಯುತ್ತಿರಲಿಲ್ಲ. ಎದುರಿಗಿದ್ದವರನ್ನು ಕೂರಿಸಿ, "ನೀವು ಕೇಳಾಕ ಹೋಗಿದ್ದು ಏನು?" ಎಂದು ಕೇಳುತ್ತಿದ್ದೆ. ಆ ತಾಯಿಯನ್ನು ಅಂದು ಇಷ್ಟೇ ಕೇಳಿದ್ದರೆ ಅವಳ ಮಗಳ ಕೈ ಉಳಿಯುತ್ತಿತ್ತು.