ಮೌಲಾಸಾಬನ ವಲ್ಲಿ
ಗುಡಗೇರಿಯ ದನದ ಸಂತೆಯಲ್ಲಿ ದಲಾಲ ಮೌಲಾಸಾಬ ಹೆಗಲ ಮೇಲಿನ ವಲ್ಲಿವಸ್ತ್ರ ಬಿಚ್ಚದೆ ಎತ್ತಿನ ವ್ಯಾಪಾರ ಕುದುರುವುದಿಲ್ಲ. ಒಮ್ಮೆ ಮಾರುವವನ ಕೈ, ಒಮ್ಮೆ ಕೊಳ್ಳುವವನ ಕೈ ಆ ವಲ್ಲಿಯ ಮರೆಯಲ್ಲಿ ಹಿಡಿದು, ಬೆರಳು ಒತ್ತಿಯೇ ಬೆಲೆ ಹೇಳುತ್ತಾನೆ. ಬಾಯಲ್ಲಿ ಮಾತ್ರ ಬೀಗರ ಸುದ್ದಿ, ಹತ್ತಿಯ ಸುದ್ದಿ. ಕಾಯಿಪಲ್ಲೆಯವಳ ಮುಂದೂ ವಲ್ಲಿ ಹಾಸುತ್ತಾನೆ, ರೊಟ್ಟಿ ಎಷ್ಟು ಬೇಕೆಂದರೆ ಹೆಂಡತಿ ಹಲೀಮಾಬಿಯ ಬೆರಳು ಒತ್ತುತ್ತಾನೆ ಎಂದು ಊರು ನಗುತ್ತದೆ. ಪಂಚಾಯ್ತಿಯವರು ಮೈಕು ತಂದು, ಇನ್ನು ಮೇಲೆ ಬೆಲೆ ಕೂಗಿಯೇ ಹೇಳಬೇಕೆಂದರೂ ಅವನು ಜಗ್ಗಲಿಲ್ಲ. "ಸಾಕಿದ ಎತ್ತ ಮಾರೂದ ಒಂದ ಸಂಕಟ. ಎಷ್ಟಕ್ಕ ಬಿಟ್ಟಾ ಅನ್ನೂದನ್ನ ಊರಿಗೆಲ್ಲಾ ಡಂಗುರಾ ಹೊಡೀಬೇಕೇನ್ರಿ?" ಎಂದ. ಮೈಕು ಬಿಸಿಲಲ್ಲಿ ಒಂಟಿಯಾಗಿ ನಿಂತಿತು. ಹೋದ ಉಗಾದಿಯ ಹಿಂದಿನ ಸಂತೆಗೆ ಅವನು ತನ್ನದೇ ಮುದಿ ಎತ್ತನ್ನು ತಂದಿದ್ದ. "ಇದಕ್ಕ ದಲಾಲ ಯಾರ ಕಾಕಾ?" ಎಂದು ಯಾರೋ ಕೇಳಿದರು. "ಮತ್ಯಾರು? ನಾನ," ಎಂದವನೇ ಎತ್ತಿನ ಬಾಜು ಕುಳಿತು, ತನ್ನ ಎರಡೂ ಕೈಗಳನ್ನು ವಲ್ಲಿಯೊಳಗೆ ಸೇರಿಸಿ, ಬೆರಳಿಗೆ ಬೆರಳು ಒತ್ತುತ್ತ ಬಹಳ ಹೊತ್ತು ಚೌಕಾಶಿ ಮಾಡಿದ. ಕಡೆಗೆ ವಲ್ಲಿ ಕೊಡವಿ ಎದ್ದ. "ವ್ಯಾಪಾರ ಕುದರಲಿಲ್ಲಪಾ," ಎಂದು ಎತ್ತನ್ನು ಹೊಡೆದುಕೊಂಡು ಮನೆಗೆ ನಡೆದ.